ಎಡಚ ಮೇಸ್ತ್ರಿ ಸುತ್ತಿದ ಟೇಪು

ಪೂರ್ತಿ ಕೆಟ್ಟು ನಿಂತ ಗಾಡಿಯನ್ನು ಕಂಡರೆ ಎಡಚ ಮೇಸ್ತ್ರಿಗೆ ಎಂದೂ ಬೇಸರವಿರಲಿಲ್ಲ. ಕೆಟ್ಟದ್ದು ಕೆಟ್ಟ ಹಾಗೆಯೇ ಬಿದ್ದಿದ್ದರೆ ಹುಡುಕಬಹುದು, ಬಿಚ್ಚಬಹುದು, ಸರಿಮಾಡಿ ಕೈ ತೊಳೆದುಕೊಳ್ಳಬಹುದು. ಅವನ ಜೀವ ಹಿಂಡುತ್ತಿದ್ದದ್ದು ಒಮ್ಮೊಮ್ಮೆ ಮಾತ್ರ ಕೆಡುವ ಗಾಡಿಗಳು. ಮನೆ ಮುಂದೆ ಹಟ ಹಿಡಿದು ನಿಂತದ್ದು ಶೆಡ್ಡಿನ ಬಾಗಿಲಿಗೆ ಬಂದ ಕೂಡಲೇ ಸಂಭಾವಿತನ ಮುಖ ಹಾಕಿಕೊಂಡು ಒಂದೇ ತಿರುವಿಗೆ ಗುರ್ ಎನ್ನುತ್ತದೆ. ಅದನ್ನು ಹಿಡಿದುಕೊಂಡು ಏನು ಮಾಡುತ್ತೀರಿ? ಜ್ವರ ಬಿಟ್ಟ ಮೇಲೆ ಡಾಕ್ಟರ ಹತ್ತಿರ ಹೋದ ಹಾಗೆ. ಮೂವತ್ತೆಂಟು ವರ್ಷ ಕಾರುಗಳ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ವೈರು ಎಳೆದವನು ಅವನು. ಸೊಂಟ ಹೋಗಿತ್ತು, ಮೊಣಕಾಲು ಹೋಗುವುದರಲ್ಲಿತ್ತು, ಹತ್ತಿರದ್ದು ಕಾಣಲು ಒಂದು ಕನ್ನಡಕ, ಇನ್ನೂ ಹತ್ತಿರದ್ದು ಕಾಣಲು ಅದರ ಮುಂದೊಂದು ಭೂತಗನ್ನಡಿ. ಕೆಲಸವೆಲ್ಲ ಎಡಗೈಯದಾದ್ದರಿಂದ ಎಡಚ ಎಂಬ ಹೆಸರು ಅಂಟಿಕೊಂಡು, ತಂದೆ ತಾಯಿ ಇಟ್ಟ ಹೆಸರು ಊರಿಗೇ ಮರೆತುಹೋಗಿತ್ತು.

ಆ ಸೋಮವಾರ ಬೆಳಿಗ್ಗೆ ಬಿಳಿ ಕಾರು ನಾಲ್ಕನೇ ಸಲ ಬಂದು ಶೆಡ್ಡಿನ ಮುಂದೆ ನಿಂತಾಗ ಅವನು ಬಾಯಲ್ಲಿದ್ದ ಟೀಯನ್ನು ಕಷ್ಟಪಟ್ಟು ನುಂಗಿದ. ಕಾರಿನಿಂದ ಇಳಿದವಳು ಟೈಲರಮ್ಮ. ಶಾಲೆಗಳಿಗೆ ಯೂನಿಫಾರಂ ಹೊಲಿದುಕೊಡುವ ಹೆಂಗಸು, ಐವತ್ತೈದರ ಆಸುಪಾಸು. ಆಕೆಯ ಗಂಡ ಹಿಂದೆ ಸರ್ವೆಯರ್ ಆಗಿದ್ದವರು. ಎರಡು ವರ್ಷದಿಂದ ಅವರ ಕಿಡ್ನಿ ಕೆಲಸ ಬಿಟ್ಟಿತ್ತು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಏಳಕ್ಕೆ ನಲವತ್ತು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅರ್ಧ ಗಂಟೆ ತಡವಾದರೆ ಆ ಮಿಷನ್ ಬೇರೊಬ್ಬರಿಗೆ ಹೋಗುತ್ತದೆ. ಮತ್ತೆ ಸರದಿ ಸಿಗುವುದು ಎರಡು ದಿನ ಬಿಟ್ಟು.

ಇಂಥವರ ಕಾರಿಗೆ ಎರಡು ತಿಂಗಳಿಂದ ಒಂದು ರೋಗ. ಬೆಳಿಗ್ಗೆ ಕೀ ತಿರುಗಿಸಿದರೆ ಒಳಗಿನ ದೀಪಗಳೆಲ್ಲ ಉರಿಯುತ್ತವೆ, ಸ್ಟಾರ್ಟರ್ ಮಾತ್ರ ಟಕ್ ಅನ್ನುವುದಿಲ್ಲ. ತಳ್ಳೋಣವೆಂದರೆ ಮನೆ ತಗ್ಗಿನಲ್ಲಿದೆ, ಬೀದಿ ಏರು, ತಳ್ಳುವುದಕ್ಕೆ ಒಬ್ಬಳು ಹೆಂಗಸು. ಆ ಹೊತ್ತಿಗೆ ಅಷ್ಟು ದೂರ ಬರುವ ಟ್ಯಾಕ್ಸಿಯೂ ಇಲ್ಲ. ಒಂದು ಗಂಟೆ ಬಿಟ್ಟು ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಆದರೆ ಅಷ್ಟು ಹೊತ್ತಿಗೆ ಮಿಷನ್ ಹೋಗಿಯಾಗಿರುತ್ತದೆ.

ಮೇಸ್ತ್ರಿ ಮೊದಲನೇ ಸಲ ಬ್ಯಾಟರಿ ಬದಲಾಯಿಸಿದ್ದ. ಎರಡನೇ ಸಲ ಸ್ಟಾರ್ಟರನ್ನೇ ಕಳಚಿ ಒಳಗೆಲ್ಲ ಉಜ್ಜಿ ಕೂರಿಸಿದ್ದ. ಮೂರನೇ ಸಲ ಏನೂ ತೋಚದೆ, ತೋಚಲಿಲ್ಲ ಎಂದು ಒಪ್ಪಿಕೊಳ್ಳುವ ಬುದ್ಧಿಯೂ ಇಲ್ಲದೆ, "ಗಾಡಿ ಸರಿಯಾಗಿದೆ. ಕೀ ಕೊನೇ ತನಕ ತಿರುಗಿಸಬೇಕಮ್ಮಾ, ಅರ್ಧಕ್ಕೆ ಕೈ ಬಿಟ್ರೆ ಹೀಗೇ" ಎಂದು ಆಕೆಯ ಮೇಲೆಯೇ ಹಾಕಿ ಕಳಿಸಿದ್ದ.

"ಗುರುವಾರ ಮತ್ತೆ ಹಾಗೇ ಆಯ್ತು ಮೇಸ್ತ್ರಿ," ಎಂದಳು ಟೈಲರಮ್ಮ. ಜಗಳಕ್ಕೆ ಬಂದ ದನಿಯಲ್ಲ, ಜಗಳಕ್ಕೂ ತ್ರಾಣ ಬೇಕು. "ಕೀ ಕೊನೇ ತನಕ ತಿರುಗಿಸಿದೆ. ಬೆರಳು ನೋಯೋ ತನಕ ತಿರುಗಿಸಿದೆ. ಶುಕ್ರವಾರ ಅವರಿಗೆ ಉಸಿರಾಡೋಕೆ ಆಗ್ಲಿಲ್ಲ, ಶ್ವಾಸಕೋಶಕ್ಕೆ ನೀರು ತುಂಬ್ಕೊಂಡಿತ್ತು. ಎತ್ಕೊಂಡು ಹೋಗಿ ಆಕ್ಸಿಜನ್ ಹಾಕ್ಸಿ ನಿನ್ನೆ ಮನೆಗೆ ಕರ್ಕೊಂಡು ಬಂದೆ. ಇನ್ನೊಂದು ಸಲ ತಪ್ಪಿಸಿದ್ರೆ ನನ್ನ ಕೈಲಿಲ್ಲ ಅಂದ್ರು ಡಾಕ್ಟ್ರು."

ಮೇಸ್ತ್ರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸ್ಟೂಲನ್ನು ಒರೆಸಿ ಮುಂದಿಟ್ಟ. "ಕೂತ್ಕೊಳ್ಳಿ ಅಮ್ಮಾ. ಇವತ್ತು ಪೂರ್ತಿ ಇದನ್ನೇ ನೋಡ್ತೀನಿ," ಎಂದ. ಬಾನೆಟ್ ಎತ್ತಿ ಎರಡು ಮಾತು ಕೇಳೋಣವೆಂದು ತಿರುಗಿದರೆ, ಆಕೆ ಗೋಡೆಗೆ ತಲೆಯೊರಗಿಸಿ, ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ನಿದ್ದೆ ಹೋಗಿದ್ದಳು. ಪಕ್ಕದ ಶೆಡ್ಡಿನಲ್ಲಿ ತಗಡು ಬಡಿಯುತ್ತಿದ್ದರು. ಆ ಗದ್ದಲಕ್ಕೂ ರೆಪ್ಪೆ ಅಲುಗಲಿಲ್ಲ. ಮೇಸ್ತ್ರಿ ಹೋಗಿ, ಅರ್ಧ ಗಂಟೆ ಬಿಟ್ಟು ಬಡೀರಯ್ಯಾ ಎಂದು ಅವರಿಗೆ ಹೇಳಿ ಬಂದ.

ಆ ದಿನ ಅವನು ಆ ಕಾರಿಗೆ ಕೊಡದ ಹಿಂಸೆಯಿಲ್ಲ. ಎಂಜಿನ್ ಕಾಯಿಸಿ ತಿರುಗಿಸಿದ, ಆರಿಸಿ ತಿರುಗಿಸಿದ. ನೀರು ಚಿಮುಕಿಸಿದ. ಒಂದೊಂದೇ ವೈರನ್ನು ಹಿಡಿದು ಅಲ್ಲಾಡಿಸುತ್ತ ತಿರುಗಿಸಿದ. ಕೀ ಹಾಕುವ ಸ್ವಿಚ್ಚನ್ನು ಬಿಚ್ಚಿ, ಭೂತಗನ್ನಡಿಯಲ್ಲಿ ನೋಡಿ, ಮತ್ತೆ ಹಾಕಿದ. ನಲವತ್ತಾರು ಸಲ ತಿರುಗಿಸಿದರೆ ನಲವತ್ತಾರು ಸಲವೂ ಸ್ಟಾರ್ಟ್ ಆಯಿತು. ನಲವತ್ತೇಳನೇ ಸಲ ತಿರುಗಿಸಲು ಅವನಿಗೇ ನಾಚಿಕೆಯಾಯಿತು.

ಮಧ್ಯಾಹ್ನ ಎಚ್ಚರವಾದ ಟೈಲರಮ್ಮ ಒಂದು ಮಾತು ಹೇಳಿದಳು. "ಸೋಮವಾರ, ಬುಧವಾರ ನಾನೊಬ್ಬಳೇ ಬಟ್ಟೆ ಕೊಡೋಕೆ ಹೋಗ್ತೀನಲ್ಲ, ಆಗ ಒಂದು ದಿನಾನೂ ಕೈ ಕೊಟ್ಟಿಲ್ಲ ಮೇಸ್ತ್ರಿ. ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡ್ರೆ ಮಾತ್ರ ಹೀಗೆ. ಅವರೇ ತಮಾಷೆ ಮಾಡ್ತಾರೆ, ನನ್ನ ಕಂಡ್ರೆ ಗಾಡಿಗೂ ಬೇಜಾರು ಅಂತ."

ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ಇದು ಸುಳಿವು. ಪಕ್ಕದ ಸೀಟಿನ ಮೇಲೆ ಭಾರ ಬಿದ್ದಾಗ ಕೆಳಗೆಲ್ಲೋ ಒಂದು ವೈರು ಅದುಮಿಕೊಳ್ಳುತ್ತಿರಬೇಕು.

"ಅವರು ಎಷ್ಟು ತೂಕ ಇದ್ದಾರೆ?"

"ಐವತ್ತೊಂದು. ದಿನಾ ನೋಡಿ ಬರೀಬೇಕು ಅಂದಿದ್ದಾರೆ ಆಸ್ಪತ್ರೇಲಿ."

ಮೇಸ್ತ್ರಿ ಮೂಲೆಯಲ್ಲಿದ್ದ ನಾಲ್ಕು ಸತ್ತ ಬ್ಯಾಟರಿಗಳನ್ನು ತಂದು, ಕೆಳಗೆ ಗೋಣಿ ಹಾಸಿ ಆ ಸೀಟಿನ ಮೇಲೆ ಸಾಲಾಗಿ ಕೂರಿಸಿದ. ಸೊಂಟ ಎರಡು ಕಡೆ ಕಳಕ್ಕೆಂದಿತು. ಕೀ ತಿರುಗಿಸಿದ. ಗುರ್ ಎಂದು ಸ್ಟಾರ್ಟ್ ಆಯಿತು. ಸೀಟನ್ನು ಹಿಂದೆ ತಳ್ಳಿದ, ಮುಂದೆ ಎಳೆದ, ಬ್ಯಾಟರಿಗಳನ್ನು ಓಲಾಡಿಸಿದ. ಗುರ್, ಗುರ್, ಗುರ್.

"ಸುಡುಗಾಡು ಗಾಡಿ," ಎಂದ ಮೇಸ್ತ್ರಿ. "ನಾಳೆ ಬೆಳಿಗ್ಗೆ ನಾನೇ ನಿಮ್ಮ ಮನೆ ಹತ್ರ ಬರ್ತೀನಿ ಅಮ್ಮಾ. ಕೆಟ್ಟು ನಿಂತಾಗಲೇ ಇದನ್ನ ಹಿಡೀಬೇಕು."

ಮಂಗಳವಾರ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿದ್ದಾಗ ಅವನು ವೈರಿನಲ್ಲಿ ಕರೆಂಟಿದ್ದರೆ ಉರಿಯುವ ಟೆಸ್ಟ್ ಲ್ಯಾಂಪ್ ಜೇಬಿಗೆ ಹಾಕಿಕೊಂಡು ಆ ತಗ್ಗಿನ ಮನೆ ಮುಂದೆ ನಿಂತಿದ್ದ. ಸರ್ವೆಯರನ್ನು ಕಂಡದ್ದು ಆಗಲೇ. ಮೊದಲು ದಪ್ಪಗಿದ್ದ ಮನುಷ್ಯ ಎಂದು ಅಂಗಿ ನೋಡಿದರೆ ತಿಳಿಯುತ್ತಿತ್ತು. ಹೆಗಲಿನ ಹೊಲಿಗೆ ಮೊಣಕೈಯತ್ತ ಇಳಿದಿತ್ತು. ಎಡ ತೋಳಿನಲ್ಲಿ ಸೂಜಿ ಚುಚ್ಚುವ ಕಡೆ ಬ್ಯಾಂಡೇಜು. ಹೆಂಡತಿಯ ಹೆಗಲು ಹಿಡಿದು ಮೆಟ್ಟಿಲಿಳಿದು, ಕಾರಿನಲ್ಲಿ ಕೂತು, ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. "ಮೇಸ್ತ್ರಿ, ನಿಮಗೂ ನಿದ್ದೆಗೆಡಿಸಿದ್ನಲ್ಲ," ಎಂದು ನಕ್ಕರು. ಟೈಲರಮ್ಮ ಕೀ ತಿರುಗಿಸಿದಳು. ಒಂದೇ ತಿರುವಿಗೆ ಸ್ಟಾರ್ಟ್ ಆಗಿ ಕಾರು ಏರು ಹತ್ತಿ ಹೋಯಿತು. ಮೇಸ್ತ್ರಿ ಖಾಲಿ ಬೀದಿಯಲ್ಲಿ ಬೆಪ್ಪನಂತೆ ನಿಂತ.

"ಡಾಕ್ಟ್ರು ನೋಡೋಕೆ ಬಂದ್ರೆ ಕೆಮ್ಮು ನಿಲ್ಲಲ್ವಾ, ಹಾಗೆ," ಎಂದಳು ಅವನ ಹೆಂಡತಿ, ಬುಧವಾರ ಸಂಜೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಡುತ್ತ. "ನೀವು ಹೋಗಿ ಎದುರಿಗೆ ನಿಂತ್ರೆ ಅದ್ಯಾಕೆ ಕೆಡುತ್ತೆ?"

"ನಾಳೆ ಬರಲ್ಲ ಅಂತ ಹೇಳಿದೀನಿ ಕಣೇ. ಗಾಡಿ ಸರಿಯಾಗಿದೆ, ಎರಡು ವಾರ ನೋಡೋಣ ಅಂತ."

"ಮತ್ತೆ ಅಲಾರಂ ಯಾಕೆ ಇಟ್ಟಿದ್ದು?"

ಮೇಸ್ತ್ರಿ ಗೋಡೆ ಕಡೆ ತಿರುಗಿ ಮಲಗಿದ. ಇನ್ನೊಂದು ಸಲ ತಪ್ಪಿಸಿದರೆ ಎಂಬ ಮಾತು ಅವನ ತಲೆಯೊಳಗೆ ಹೊಕ್ಕು ಕೂತಿತ್ತು. ಕೀ ತಿರುಗಿಸಲು ಬರುವುದಿಲ್ಲವೆಂದು ಆಕೆಯನ್ನು ಹಂಗಿಸಿ ಕಳಿಸಿದ ಮರುವಾರವೇ ಆ ಮನುಷ್ಯ ಉಸಿರಿಗೆ ಒದ್ದಾಡಿದ್ದ. ಹೀಗಿರುವಾಗ ನಿದ್ದೆ ಎಲ್ಲಿಂದ ಬರಬೇಕು?

ಗುರುವಾರ ಬೆಳಿಗ್ಗೆ ಅವನು ಬೀದಿಯ ತಿರುವಿಗೆ ಬರುವಷ್ಟರಲ್ಲಿ ಬಿಳಿ ಕಾರಿನ ಬಾನೆಟ್ ಎದ್ದು ನಿಂತಿತ್ತು. ಟೈಲರಮ್ಮ ಅದರ ಮುಂದೆ ಎರಡೂ ಕೈ ಇಳಿಬಿಟ್ಟು ನಿಂತಿದ್ದಳು. ಸರ್ವೆಯರು ಒಳಗೆ ಕೂತೇ ಇದ್ದರು. ಮೇಸ್ತ್ರಿ ಮೊಣಕಾಲು ಇರುವುದನ್ನೇ ಮರೆತು ಓಡಿದ.

"ಯಾರೂ ಏನೂ ಮುಟ್ಟಬೇಡಿ," ಎಂದು ದೂರದಿಂದಲೇ ಕೂಗಿದ. "ಕೀ ಹಾಗೇ ಇರಲಿ. ಸಾರ್, ನೀವೂ ಅಲ್ಲಾಡಬೇಡಿ, ಕೈ ಕಾಲು ಎಲ್ಲಿದ್ಯೋ ಅಲ್ಲೇ ಇರಲಿ." ಒಮ್ಮೊಮ್ಮೆ ಬರುವ ದೋಷ ಬಂದಾಗ ಅವನು ಹೀಗೆಯೇ. ಮರದ ಮೇಲೆ ಕೂತ ಹಕ್ಕಿಯನ್ನು ನೋಡುವವನ ಹಾಗೆ, ಒಂದು ಬಾಗಿಲು ಹಾಕಿದ ಅದುರಿಗೂ ಅದು ಹಾರಿಹೋದೀತೆಂಬ ಭಯ.

ಟೆಸ್ಟ್ ಲ್ಯಾಂಪಿನ ಮುಳ್ಳನ್ನು ಕೀ ಸ್ವಿಚ್ಚಿನ ಹಿಂದೆ ಚುಚ್ಚಿದ. ಆಕೆಗೆ ಕೀ ತಿರುಗಿಸಿ ಹಿಡಿದುಕೊಳ್ಳಲು ಹೇಳಿದ. ದೀಪ ಉರಿಯಿತು. ಸ್ಟಾರ್ಟರಿನ ಬಾಯಲ್ಲಿ ಚುಚ್ಚಿದ. ಉರಿಯಲಿಲ್ಲ. ಕೀಯಿಂದ ಹೊರಟ ಕರೆಂಟು ಸ್ಟಾರ್ಟರ್ ಮುಟ್ಟುವ ಮುನ್ನ ನಡುವೆ ಎಲ್ಲೋ ಸಾಯುತ್ತಿದೆ. ಆ ನಡುವೆ ಇರುವುದು ಒಂದೇ ಒಂದು ಉದ್ದ ವೈರು. ಮೇಸ್ತ್ರಿ ನೆಲಕ್ಕೆ ಕೂತು ಡ್ಯಾಶ್‌ಬೋರ್ಡಿನ ಕೆಳಗೆ ಕೈ ತೂರಿಸಿ ಅದನ್ನು ಬೆರಳಲ್ಲೇ ಹಿಂಬಾಲಿಸಿದ. ನೇರ ಎಂಜಿನ್ ಕಡೆ ಹೋಗಬೇಕಾದ ವೈರು ಎಡಕ್ಕೆ ತಿರುಗಿತು. ಎಡಕ್ಕೇಕೆ? ಕಂಪನಿಯವರು ಎಳೆದ ದಾರಿಯಲ್ಲ ಇದು. ಸುತ್ತಿಕೊಂಡು ಬಂದು ಸರ್ವೆಯರ ಕಡೆಯ ಬಾಗಿಲು ತೆಗೆದು, ಅವರ ಪಾದದ ಬಳಿ ಮಂಡಿಯೂರಿ, ಅಂಚಿನ ಮ್ಯಾಟು ಎತ್ತಿದ.

ಅಲ್ಲಿ ವೈರಿನ ಮೇಲೆ ಕಪ್ಪು ಟೇಪು ಸುತ್ತಿತ್ತು. ಎಲ್ಲರೂ ಸುತ್ತುವ ಹಾಗಲ್ಲ, ಉಲ್ಟಾ, ಎಡಗೈಯವನು ಸುತ್ತುವ ಹಾಗೆ. ಕೊನೆಯಲ್ಲಿ ಬಿಚ್ಚಿಕೊಳ್ಳದಂತೆ ದಾರದ ಎರಡು ಗಂಟು. ಈ ಊರಿನಲ್ಲಿ ಟೇಪಿನ ಮೇಲೆ ದಾರ ಕಟ್ಟುವ ಹುಚ್ಚ ಒಬ್ಬನೇ. ಮೇಸ್ತ್ರಿ ತನ್ನ ಕೈಬರಹವನ್ನೇ ಬೇರೆಯವರ ಪುಸ್ತಕದಲ್ಲಿ ಓದಿದವನಂತೆ ಕೂತುಬಿಟ್ಟ.

ಹದಿನೇಳೋ ಹದಿನೆಂಟೋ ವರ್ಷದ ಹಿಂದಿನ ಮಾತು. ಕಾರು ಕಳುವಾಗುವುದು ಜಾಸ್ತಿಯಾಗಿದ್ದ ಕಾಲ. ಮೇಸ್ತ್ರಿ ಇನ್ನೂರು ಮುನ್ನೂರು ಗಾಡಿಗಳಿಗೆ ಕಳ್ಳ ಸ್ವಿಚ್ ಹಾಕಿಕೊಟ್ಟಿದ್ದ. ಸ್ಟಾರ್ಟರಿಗೆ ಹೋಗುವ ವೈರನ್ನು ನಡುವೆ ಕತ್ತರಿಸಿ, ಯಾರೂ ಕೈ ಹಾಕದ ಕಡೆ ಉಗುರಿನಷ್ಟು ಸ್ವಿಚ್ಚು ಕೂರಿಸುವುದು. ಅದನ್ನು ಆರಿಸಿಟ್ಟು ಹೋದರೆ, ಕೀ ಕದ್ದವನೂ ಗಾಡಿ ಹೊರಡಿಸಲಾರ. ಕಳ್ಳ ಹುಡುಕುವುದು ಡ್ರೈವರ್ ಸೀಟಿನ ಸುತ್ತ, ಆದ್ದರಿಂದ ಮೇಸ್ತ್ರಿ ಪಕ್ಕದ ಸೀಟಿನ ಕಡೆ ಹಾಕುತ್ತಿದ್ದ. ಎಲ್ಲಿ ಹಾಕಿದೆನೆಂದು ಯಾವ ಪುಸ್ತಕದಲ್ಲೂ ಬರೆಯುತ್ತಿರಲಿಲ್ಲ, ಗಾಡಿ ಶೆಡ್ಡು ಬಿಟ್ಟ ಮೇಲೆ ತಾನೂ ಮರೆತುಬಿಡುತ್ತಿದ್ದ. ಮರೆಯುವುದೇ ಆ ಕೆಲಸದ ನಿಯತ್ತು ಎಂದು ಅವನ ಜಂಬ. ಈಗ ನೆನಪಾಯಿತು, ಅಳತೆಯ ಉಪಕರಣಗಳನ್ನು ಡಿಕ್ಕಿಯಲ್ಲಿಟ್ಟುಕೊಂಡು ಊರೂರು ತಿರುಗುತ್ತಿದ್ದ ದಪ್ಪ ಮೀಸೆಯ ಸರ್ವೆಯರು, ಹೊಸ ಬಿಳಿ ಕಾರು.

ಟೇಪಿನಿಂದ ಮುಂದೆ ಬಾಗಿಲ ಕಡೆ ಬೆರಳು ಸರಿಸಿದ. ಸ್ವಿಚ್ಚು ಸಿಕ್ಕಿತು. ಸುತ್ತಲೂ ಹದಿನೆಂಟು ವರ್ಷದ ದೂಳು ಗಟ್ಟಿಯಾಗಿ ಕೂತಿತ್ತು. ಸ್ವಿಚ್ಚಿನ ತುದಿ ಮಾತ್ರ ಫಳಫಳ ಹೊಳೆಯುತ್ತಿತ್ತು. ಅದು ಆರಿಸಿದ ಕಡೆಗಿತ್ತು.

ಮೇಸ್ತ್ರಿ ತಲೆಯೆತ್ತಿದ. ಸರ್ವೆಯರು ಅವನನ್ನೇ ನೋಡುತ್ತಿದ್ದರು. ಅಲ್ಲಾಡಬೇಡಿ ಎಂದದ್ದಕ್ಕೆ ನಿಜವಾಗಿಯೂ ಅಲ್ಲಾಡದೆ ಕೂತಿದ್ದರು, ಎಡಗೈ ಬಾಗಿಲ ಕಡೆ ಸೀಟಿನ ಅಂಚಿನಲ್ಲಿ ಹಾಗೇ ಇತ್ತು. ಮುಖದಲ್ಲಿ ನಗುವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

"ಏನಾದ್ರೂ ಸಿಕ್ತಾ ಮೇಸ್ತ್ರಿ?" ಎಂದು ಆ ಕಡೆಯಿಂದ ಟೈಲರಮ್ಮ ಕೇಳಿದಳು.

ಮೇಸ್ತ್ರಿ ಸ್ವಿಚ್ಚನ್ನು ಮೇಲಕ್ಕೆ ಒತ್ತಿದ. "ತಿರುಗಿಸಿ ಅಮ್ಮಾ."

ಕಾರು ಗುರ್ ಎಂದಿತು. ಆಕೆ ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಒಂದು ಕ್ಷಣ ಹಾಗೇ ಇದ್ದಳು. "ಏನಾಗಿತ್ತು?" ಎಂದಳು ಆಮೇಲೆ.

"ಹಳೇ ಜಾಯಿಂಟು. ಮಧ್ಯಾಹ್ನ ವಾಪಸ್ ಬರ್ತಾ ಶೆಡ್ಡಿಗೆ ತನ್ನಿ, ಕಿತ್ತುಹಾಕ್ತೀನಿ. ಈಗ ಹೊರಡಿ, ಹೊತ್ತಾಯ್ತು." ಸುಳ್ಳೇನೂ ಹೇಳಲಿಲ್ಲ ಎಂದು ಮೇಸ್ತ್ರಿ ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನವಾಗಲಿಲ್ಲ.

ಮಧ್ಯಾಹ್ನ ಅವರು ಶೆಡ್ಡಿಗೆ ಬಂದರು. ಟೈಲರಮ್ಮ ಗುಂಡಿ, ದಾರ ತರುತ್ತೇನೆಂದು ಅಂಗಡಿ ಬೀದಿಗೆ ಹೋದಳು. ಡಯಾಲಿಸಿಸ್ ಮುಗಿಸಿ ಬಂದ ಮನುಷ್ಯ ಹಿಂಡಿ ಒಣಹಾಕಿದ ಬಟ್ಟೆಯಂತೆ ಸೀಟಿನಲ್ಲಿ ಬಿದ್ದಿದ್ದ. ಮೇಸ್ತ್ರಿ ಸ್ಟೂಲು ಎಳೆದುಕೊಂಡು ಬಾಗಿಲ ಬಳಿ ಕೂತ. ಬೆಳಿಗ್ಗೆಯಿಂದ ಸಿಟ್ಟನ್ನು ಕಾಯಿಸಿ ಕಾಯಿಸಿ ಇಟ್ಟುಕೊಂಡಿದ್ದ, ಮುಖ ನೋಡಿದ ಮೇಲೆ ಅರ್ಧ ಇಳಿದುಹೋಯಿತು.

"ಸಾರ್, ನಾನು ಆ ತಾಯಿಗೆ ಕೀ ತಿರುಗಿಸೋಕೆ ಬರಲ್ಲ ಅಂದೆ," ಎಂದ. "ಬ್ಯಾಟರಿ ಬದಲಾಯಿಸಿದೆ, ಸ್ಟಾರ್ಟರ್ ಬಿಚ್ಚಿದೆ. ನಿಮ್ಮ ತೂಕಕ್ಕೆ ಬ್ಯಾಟರಿ ಹೊತ್ತು ಸೊಂಟ ಮುರ್ಕೊಂಡೆ. ನೀವು ಕೂತ್ಕೊಂಡು ನೋಡ್ತಾ ಇದ್ರಿ."

"ನೋಡ್ತಾ ಇದ್ದೆ," ಎಂದರು ಸರ್ವೆಯರು.

"ಸಾಯೋಕೆ ಮನಸ್ಸಾಗಿದ್ಯಾ?"

"ಇಲ್ಲ ಮೇಸ್ತ್ರಿ. ಅಷ್ಟು ದೊಡ್ಡ ವಿಚಾರ ಎಲ್ಲ ಇಲ್ಲ." ಅವರು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ಒಂದು ದಿನ ಬೆಳಿಗ್ಗೆ ಅವಳು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕ್ಕೊಳ್ತಾ ಹಾಗೇ ನಿದ್ದೆ ಹೋಗ್ಬಿಟ್ಲು. ಒಂದು ಕಾಲಿಗೆ ಚಪ್ಪಲಿ ಇದೆ, ಇನ್ನೊಂದಕ್ಕಿಲ್ಲ. ಅವತ್ತು ಕಾರಲ್ಲಿ ಕೂತಾಗ ಇದು ನೆನಪಿಗೆ ಬಂತು. ಕೈ ಇಳಿಬಿಟ್ರೆ ಸಿಗುತ್ತೆ. ಒತ್ತಿದೆ. ಅವಳು ಕಾರಿಗೆ ಬೈದ್ಲು, ಅತ್ಲು, ಆಮೇಲೆ ಸೋಫಾ ಮೇಲೆ ಬಿದ್ಕೊಂಡು ಹತ್ತು ಗಂಟೆ ತನಕ ಮಲಗಿದ್ಲು. ಅವಳಿಗೋಸ್ಕರ ಅಂತ ಹೇಳಿದ್ರೆ ಚೆನ್ನಾಗಿರುತ್ತೆ. ಆದ್ರೆ ಸುಳ್ಳಾಗುತ್ತೆ. ನನಗೂ ಸಾಕಾಗಿತ್ತು."

"ಬಾಯಿಬಿಟ್ಟು ಹೇಳಬಾರದಿತ್ತಾ?"

"ನಾನು ಬರಲ್ಲ ಅಂದ್ರೆ ಅವಳು ನನ್ನ ಹತ್ರ ಬೇಡ್ಕೋಬೇಕು. ದಿನಾ ಬೇಡ್ಕೋಬೇಕು. ಗಾಡಿ ಬರಲ್ಲ ಅಂದ್ರೆ ಗಾಡಿಗೆ ಬೈದು ಸುಮ್ಮನಾಗ್ತಾಳೆ."

ಮೇಸ್ತ್ರಿ ಎದ್ದು ಕಟಿಂಗ್ ಪ್ಲೇಯರ್ ತಂದು ಅವರ ಕಾಲ ಬಳಿ ಕೂತ.

"ಇರಲಿ ಬಿಡಿ ಮೇಸ್ತ್ರಿ," ಎಂದರು ಸರ್ವೆಯರು ಮೆಲ್ಲಗೆ. "ಹೋದ ವಾರ ಆದಮೇಲೆ ನನಗೂ ಭಯ ಇದೆ. ಇವತ್ತು ಯಾಕೆ ಒತ್ತಿದ್ನೋ ನನಗೇ ಗೊತ್ತಿಲ್ಲ. ಇನ್ನು ಮುಟ್ಟಲ್ಲ. ಆದ್ರೆ ಅದು ಅಲ್ಲಿದೆ ಅಂತ ಗೊತ್ತಿರಲಿ ನನಗೆ. ಎಲ್ಲಾನೂ ಬೇರೆಯವರೇ ನಡೆಸ್ತಾರೆ. ನೀರು ಎಷ್ಟು ಕುಡೀಬೇಕು, ಯಾವಾಗ ಏಳಬೇಕು, ಯಾವ ಕೈ ಚಾಚಬೇಕು. ನನ್ನ ಕೈಲಿರೋದು ಅದೊಂದೇ."

ಮೇಸ್ತ್ರಿಯ ಎಡಗೈ ನಿಂತಿತು. ಬಿಟ್ಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಪಾಪ ಅನ್ನಿಸಿತು, ತನ್ನ ಸೊಂಟವೂ ನೆನಪಾಯಿತು, ದಿನಾ ಬೆಳಿಗ್ಗೆ ಶೆಡ್ಡಿನ ಶಟರ್ ಎತ್ತುವಾಗ ಇವತ್ತೊಂದು ದಿನ ಇದು ತುಕ್ಕು ಹಿಡಿದು ಏಳದಿದ್ದರೆ ಎಂದು ತಾನೂ ಅಂದುಕೊಳ್ಳುವುದು ನೆನಪಾಯಿತು. ಆದರೆ ಗೋಡೆಗೊರಗಿ ನಿದ್ದೆ ಹೋದ ಹೆಂಗಸಿನ ಮುಖವೂ ಕಣ್ಣ ಮುಂದೆ ಬಂತು. ವೈರು ಕತ್ತರಿಸಿದ. ಸ್ವಿಚ್ಚನ್ನು ಕಿತ್ತು, ಎರಡು ತುದಿಗಳನ್ನು ಸೇರಿಸಿ ಬೆಸುಗೆ ಹಾಕಿ, ಟೇಪು ಸುತ್ತಿ, ದಾರ ಕಟ್ಟಿದ.

"ನಾನು ಹಾಕಿದ್ದು, ನಾನೇ ತೆಗೆದೆ," ಎಂದ. "ನಾನು ಅಮ್ಮನಿಗೆ ಏನೂ ಹೇಳಲ್ಲ. ಹೇಳೋದಿದ್ರೆ ನೀವೇ ಹೇಳಿ. ಬರಲ್ಲ ಅಂತಾದ್ರೂ ಬಾಯಲ್ಲಿ ಹೇಳಿ ಸಾರ್."

ಸರ್ವೆಯರು ಕಣ್ಣು ಮುಚ್ಚಿಕೊಂಡರು. ಗುಂಡಿಯ ಪೊಟ್ಟಣ ಹಿಡಿದು ಬಂದ ಟೈಲರಮ್ಮನಿಗೆ ಅವರು ನಿದ್ದೆ ಮಾಡುತ್ತಿರುವಂತೆ ಕಂಡಿತು. ಮೇಸ್ತ್ರಿಗೆ ಮೂರು ಸಲ ಉಪಕಾರವಾಯಿತೆಂದು ಹೇಳಿದಳು. ಒಂದೊಂದು ಸಲವೂ ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತು.

ಹೆಂಡತಿಗೆ ಮಾತ್ರ ಎಲ್ಲವನ್ನೂ ಹೇಳಿದ, ಸಂಜೆ ಅಡಿಗೆಮನೆಯ ಬಾಗಿಲಲ್ಲಿ ಕೂತು. ಆಕೆ ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು.

"ಒಳ್ಳೇದಾಯ್ತು, ಕಿತ್ತುಹಾಕಿದ್ರಿ. ಶನಿವಾರ ಆ ಮನುಷ್ಯ ಏನ್ ಮಾಡ್ತಾನೆ?"

"ಹೋಗ್ತಾನೆ. ಗಾಡಿ ಸ್ಟಾರ್ಟ್ ಆಗುತ್ತಲ್ಲ."

"ಗಾಡಿ ಸ್ಟಾರ್ಟ್ ಆಗುತ್ತೆ ರೀ. ನಾನು ಕೇಳಿದ್ದು ಮನುಷ್ಯನ ಸುದ್ದಿ."

ಮೇಸ್ತ್ರಿಗೆ ರೇಗಿತು. "ನಾನು ವೈರು ನೋಡೋನು ಕಣೇ. ಗಂಡ ಹೆಂಡ್ತಿ ನಡುವಿನ ಜಾಯಿಂಟು ನೋಡೋಕೆ ನಾನ್ಯಾರು?"

"ನೀವು ನೋಡ್ಬಿಟ್ಟಿದೀರಲ್ಲ ಆಗಲೇ," ಎಂದು ಆಕೆ ಮತ್ತೆ ಪಾತ್ರೆ ಕೈಗೆತ್ತಿಕೊಂಡಳು.

ಹಾಗಾಗಿ ಶನಿವಾರ ಮತ್ತೆ ಅವನು ಆ ತಗ್ಗಿನ ಮನೆಯ ಮುಂದಿದ್ದ. ಹೊಸ ಜಾಯಿಂಟು ಒಂದು ಸಲ ನೋಡಿ ಹೋಗ್ತೀನಿ ಎಂದು ನೆಪ ಹೇಳಿದ. ಟೈಲರಮ್ಮನ ಕಣ್ಣು ಕೆಂಪಗಿತ್ತು, ಶಾಲೆ ತೆರೆಯುವ ವಾರವಾದ್ದರಿಂದ ಎರಡು ಗಂಟೆಯಷ್ಟೇ ಮಲಗಿದ್ದಳಂತೆ. ಗಂಡನನ್ನು ಕೂರಿಸಿದಳು, ತಾನು ಸುತ್ತಿ ಬಂದು ಕೂತಳು, ಕೀ ತಿರುಗಿಸಿದಳು. ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ಆಕೆ ಮೇಸ್ತ್ರಿಯತ್ತ ನೋಡಿ ನಕ್ಕಳು.

"ಆಫ್ ಮಾಡು," ಎಂದರು ಸರ್ವೆಯರು.

"ಏನಾಯ್ತು? ಏನಾದ್ರೂ ಮರೆತ್ರಾ?"

"ಆಫ್ ಮಾಡು, ಹೇಳ್ತೀನಿ."

ಎಂಜಿನ್ ನಿಂತಿತು. ಸರ್ವೆಯರು ಮುಂದಿನ ಗಾಜು ನೋಡುತ್ತ, ಒಂದೇ ಸಮನೆ, ಜಮೀನಿನ ಅಳತೆ ಓದಿ ಹೇಳುವವರಂತೆ ಹೇಳಿದರು. ಸ್ವಿಚ್ಚು ಎಲ್ಲಿತ್ತು, ಯಾವ ಯಾವ ದಿನ ಒತ್ತಿದೆ, ಆಕೆ ಒಳಗೆ ಹೋದ ಮೇಲೆ ಹೇಗೆ ಮತ್ತೆ ಸರಿಮಾಡುತ್ತಿದ್ದೆ, ಎಲ್ಲ. ಮೇಸ್ತ್ರಿ ಬಾಗಿಲ ಪಕ್ಕದಲ್ಲೇ ಸಿಕ್ಕಿಬಿದ್ದಿದ್ದ. ಹೋಗುವ ಹಾಗೂ ಇರಲಿಲ್ಲ, ನಿಲ್ಲುವ ಹಾಗೂ ಇರಲಿಲ್ಲ. ಕೊನೆಗೆ ಸರ್ವೆಯರು, "ಇವತ್ತೂ ನನಗೆ ಹೋಗೋಕೆ ಮನಸ್ಸಿಲ್ಲ ಕಣೇ. ಈಗ ಸ್ವಿಚ್ಚಿಲ್ಲ, ಅದಕ್ಕೆ ಹೇಳ್ತಿದೀನಿ," ಎಂದರು.

ಆಕೆ ಕಿರುಚುತ್ತಾಳೆ ಎಂದು ಮೇಸ್ತ್ರಿ ಕಾದ. ಆಕೆ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡಿದ್ದಳು.

"ಹೋದ ವಾರ ಶುಕ್ರವಾರ ನಿಮ್ಮನ್ನ ಎತ್ಕೊಂಡು ಹೋದಾಗ," ಎಂದಳು ಕೊನೆಗೆ, "ನಾನು ದಾರಿ ಪೂರ್ತಿ ಏನು ಯೋಚನೆ ಮಾಡ್ತಿದ್ದೆ ಗೊತ್ತಾ? ಹಿಂದಿನ ದಿನ ಗಾಡಿ ಸ್ಟಾ‌ರ್ಟ್ ಆಗದೆ ಇದ್ದಾಗ ನನಗೆ ಒಂದು ಗಳಿಗೆ ಹಾಯ್ ಅನ್ನಿಸಿತ್ತು. ಪ್ರತೀ ಸಲ ಅನ್ನಿಸ್ತಿತ್ತು. ಸದ್ಯ, ಇವತ್ತು ಹೋಗೋದು ಬೇಡ ಅಂತ. ಆಮೇಲೆ ಅದಕ್ಕೇ ಅಳ್ತಿದ್ದೆ. ನಾನು ಹಾಗೆ ಅಂದ್ಕೊಂಡಿದ್ದಕ್ಕೇ ನಿಮಗೆ ಹೀಗಾಯ್ತು ಅಂತ ಒಬ್ಬಳೇ ಸಾಯ್ತಾ ಇದ್ದೆ. ನೀವು ಒಂದು ಮಾತು ಹೇಳಿದ್ರೆ ನಾನೂ ಹೇಳ್ತಿದ್ನಲ್ರೀ."

ಸರ್ವೆಯರು ಮೊದಲ ಸಲ ಆಕೆಯ ಕಡೆ ತಿರುಗಿದರು. ಬ್ಯಾಂಡೇಜಿನ ಕೈಯನ್ನು ಅಷ್ಟು ದೂರ ಎತ್ತಿ ಆಕೆಯ ಕೈ ಮೇಲಿಟ್ಟರು. ಆರು ಗಂಟೆ ಐದು ನಿಮಿಷವಾಗಿತ್ತು. ಇನ್ನೂ ತಡಮಾಡಿದರೆ ಮಿಷನ್ ಹೋಗುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ಮೂವರಲ್ಲಿ ಯಾರೂ ಗಡಿಯಾರ ನೋಡಲಿಲ್ಲ.

"ನನ್ನ ಕೈಲಿ ಓಡ್ಸೋಕಾಗಲ್ಲ ಈಗ," ಎಂದಳು ಆಕೆ. "ಕಣ್ಣು ಎಳ್ಕೊಂಡು ಹೋಗ್ತಿದೆ."

ಮೇಸ್ತ್ರಿ ಜೀವಮಾನದಲ್ಲಿ ಗಿರಾಕಿಯ ಗಾಡಿಯನ್ನು ಶೆಡ್ಡಿನ ಬೀದಿಯಾಚೆ ಓಡಿಸಿದವನಲ್ಲ. "ಹಿಂದೆ ಹೋಗಿ ಕೂತ್ಕೊಳ್ಳಿ ಅಮ್ಮಾ," ಎಂದ. ಆಮೇಲೆ ಸರ್ವೆಯರನ್ನು ನೋಡಿದ. "ಸಾರ್, ನೀವು ಹೇಳಿ. ನೀವು ಹೇಳಿದ್ರೆ ಮಾತ್ರ ಕೀ ತಿರುಗಿಸ್ತೀನಿ."

ಸರ್ವೆಯರು ಹೆಂಡತಿ ಇಳಿದು, ಹಿಂದಿನ ಸೀಟಿಗೆ ಹತ್ತಿ, ಕಾಲು ಮಡಚಿಕೊಳ್ಳುವ ತನಕ ನೋಡಿದರು. "ತಿರುಗಿಸಿ," ಎಂದರು.

ಬೀದಿಯ ಏರು ಮುಗಿಯುವ ಮೊದಲೇ ಆಕೆ ನಿದ್ದೆ ಹೋದಳು. ದಾರಿಯುದ್ದಕ್ಕೂ ಸರ್ವೆಯರು ಒಂದೊಂದು ಉಬ್ಬು ಬರುವ ಮೊದಲೂ ಕೈಯೆತ್ತಿ, "ನಿಧಾನ, ನಿಧಾನ" ಎಂದು ಪಿಸುಗುಟ್ಟುತ್ತಿದ್ದರು. ಆ ರಸ್ತೆಯ ಅಷ್ಟೂ ಉಬ್ಬುಗಳು ಅವರಿಗೆ ಬಾಯಿಪಾಠವಾಗಿದ್ದವು.

ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಾಗ ಏಳಕ್ಕೆ ಮೂರು ನಿಮಿಷವಿತ್ತು. ಮೇಸ್ತ್ರಿ ಹಿಂದಕ್ಕೆ ತಿರುಗಿ ಆಕೆಯನ್ನು ಎಬ್ಬಿಸಲು ಕೈ ಚಾಚಿದ. ಸರ್ವೆಯರು ಆ ಕೈಯನ್ನು ಹಿಡಿದು ತಡೆದರು. ತಾವೇ ಬಾಗಿಲು ತೆಗೆದು, ಕಾಲುಗಳನ್ನು ಒಂದೊಂದಾಗಿ ಎತ್ತಿ ಹೊರಗಿಟ್ಟು, ಬಾಗಿಲ ಚೌಕಟ್ಟು ಹಿಡಿದು ಎದ್ದರು. ಎರಡು ವರ್ಷದಲ್ಲಿ ಆ ಮೆಟ್ಟಿಲನ್ನು ಅವರು ಒಬ್ಬರೇ ಹತ್ತಿದ್ದಿಲ್ಲ. ಆಸ್ಪತ್ರೆಯ ಕಾಗದಗಳ ಚೀಲವನ್ನು ಬಗಲಿಗೆ ಸಿಕ್ಕಿಸಿಕೊಂಡು, ಕಂಬಿ ಹಿಡಿದು, ಎರಡು ಮೆಟ್ಟಿಲಿಗೊಮ್ಮೆ ನಿಂತು ನಿಂತು ಹತ್ತಿದರು.

"ಎದ್ದು ಕೇಳಿದ್ರೆ, ನಾನೇ ಹೋದೆ ಅಂತ ಹೇಳಿ," ಎಂದು ಮೇಲಿನಿಂದ ಹೇಳಿ, ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದರು.